ಎರಡು ಕಡೆ ಮುಟ್ಟುವ ದಾರ

ಜುಲೈ ತಿಂಗಳ ಒಂದು ಭಾನುವಾರ. ಯೇವೂರು ಗುಡ್ಡ ಮೋಡದೊಳಗೆ ಹೋಗಿ ಎರಡು ದಿನವಾಗಿತ್ತು. ವರ್ತಕ ನಗರದ ನಮ್ಮ ಹಳೆಯ ಹೌಸಿಂಗ್ ಬೋರ್ಡ್ ಕಟ್ಟಡದ ಗ್ಯಾಲರಿಯಲ್ಲಿ, ಒಣಗಲು ಒಲ್ಲದ ಬಟ್ಟೆಗಳ ಕೆಳಗೆ, ನಮ್ಮ ಮಾವ ಪೇಪರು ಓದುತ್ತ ಕೂತಿದ್ದರು. ವಿಜಯಪುರ ಜಿಲ್ಲೆಯ ಹಳ್ಳಿಯಿಂದ 1972ರ ಬರದಲ್ಲಿ ಠಾಣೆಗೆ ಬಂದವರು. ವಾಗಳೆ ಇಸ್ಟೇಟಿನ ಟೂಲ್ ರೂಮಿನಲ್ಲಿ ಮೂವತ್ತು ವರ್ಷ ಫಿಟರ್ ಆಗಿದ್ದರು. ನನ್ನ ಮಗಳು ಹನ್ನೆರಡನೇ ಕ್ಲಾಸು. ಟ್ಯೂಷನ್ ಕ್ಲಾಸಿನ ಟೆಸ್ಟ್ ಪೇಪರು ಅವಳ ಕೈಗೆ ಬಂದಿತ್ತು. ಮೂರು ಅಂಕದ ಒಂದು ಲೆಕ್ಕದ ಪಕ್ಕ ಕೆಂಪು ಸೊನ್ನೆ. ಅಡುಗೆಮನೆ ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತ ನಾನು ಕೇಳಿಸಿಕೊಂಡಷ್ಟನ್ನು ಬರೆದಿದ್ದೇನೆ. ನಡುವೆ ನನ್ನ ಬಾಯಿಯೂ ಸುಮ್ಮನಿರಲಿಲ್ಲ.

ಮೊಮ್ಮಗಳು: ಅಜ್ಜಾ, ಇದನ್ನ ನೋಡು. ಸೈನ್ ರೂಲ್ ಸರಿ ಹಚ್ಚೀನಿ, ಗುಣಾಕಾರ ಭಾಗಾಕಾರ ಎಲ್ಲಾ ಸರಿ ಅದ. ಆದ್ರೂ ಸೊನ್ನಿ ಕೊಟ್ಟಾರ.

ಅಜ್ಜ: ಪ್ರಶ್ನಿ ಏನದ, ಓದು.

ಮೊಮ್ಮಗಳು: ಎಬಿಸಿ ಒಂದು ವಿಶಾಲಕೋನ ತ್ರಿಭುಜ. ಎ ಕೋನ 30 ಡಿಗ್ರಿ, ಎಸಿ 10 ಸೆಂಟಿಮೀಟರ್, ಬಿಸಿ 6 ಸೆಂಟಿಮೀಟರ್. ಬಿ ಕೋನ ಎಷ್ಟು?

(ಅವಳು ಓದಿದ್ದು ಇಂಗ್ಲಿಷಿನಲ್ಲಿ. ಕನ್ನಡ ಮಾಡಿದ್ದು ನಾನು. ಒಂದು ಕೋನ 90 ಡಿಗ್ರಿ ದಾಟಿದ್ದರೆ ಅದು ವಿಶಾಲಕೋನ ತ್ರಿಭುಜ.)

ಅಜ್ಜ: ನೀ ಹೆಂಗ ಮಾಡಿದಿ?

ಮೊಮ್ಮಗಳು: ಯಾವ ಬಾಹುನರ ತಗೋ, ಅದರ ಎದುರಿನ ಕೋನದ ಸೈನಿನಿಂದ ಭಾಗಿಸಿದ್ರ ಮೂರೂ ಕಡೆ ಒಂದ ಅಂಕಿ ಬರಬೇಕು. ಎ ಎದುರಿಗೆ 6 ಅದ. ಸೈನ್ 30 ಅಂದ್ರ ಅರ್ಧ. ಆರಕ್ಕ ಅರ್ಧದಿಂದ ಭಾಗಿಸಿದ್ರ 12. ಬಿ ಎದುರಿಗೆ 10 ಅದ. ಹತ್ತಕ್ಕ ಸೈನ್ ಬಿಯಿಂದ ಭಾಗಿಸಿದ್ರೂ 12 ಬರಬೇಕು. ಅಂದ್ರ ಸೈನ್ ಬಿ 0.8333. ಟೇಬಲ್ನಾಗ ನೋಡಿದೆ, 56.4 ಡಿಗ್ರಿ. ಅವರ ಉತ್ತರ 123.6 ಅಂತ.

ಅಜ್ಜ: ಎರಡೂ ಕೂಡಿಸು.

ಮೊಮ್ಮಗಳು: ನೂರಾ ಎಂಬತ್ತು! ಇದೇನಿದು?

ಅಜ್ಜ: ಟೇಬಲ್ನಾಗ 123 ಇತ್ತೇನು?

ಮೊಮ್ಮಗಳು: ಎಲ್ಲಿ ಇರತದ? ಅದು ತೊಂಬತ್ತಕ್ಕ ಮುಗೀತದ. ಫೋನಿನಾಗ ಒತ್ತಿದ್ರೂ 56.4 ಅಷ್ಟ ತೋರಸ್ತದ.

ಅಜ್ಜ: ಅದು ಒಂದನ್ನ ಹೇಳಿ ಬಾಯಿ ಮುಚ್ಚಿಕೋತದ. ಸೈನು ಆಮ್ಯಾಲ ನೋಡೂಣು. ಮೊದಲ ಹೂ ಕಟ್ಟೂ ದಾರ ತಾ, ಒಂದು ಸೀಮೆಸುಣ್ಣ ತಾ.

ಗ್ಯಾಲರಿಯ ನೆಲ ಶಹಾಬಾದ್ ಫರಸಿ. ನಮ್ಮ ಕಲಬುರಗಿ ಜಿಲ್ಲೆಯ ಕಲ್ಲು. ಠಾಣೆಯ ಹಳೆಯ ಮನೆಗಳ ನೆಲ ಬಹಳಷ್ಟು ಅಲ್ಲಿಂದಲೇ ಬಂದದ್ದು. ಬೂದುಬಣ್ಣದ ಆ ಕಲ್ಲಿನ ಮೇಲೆ ಸೀಮೆಸುಣ್ಣ ಚೆನ್ನಾಗಿ ಏಳುತ್ತದೆ. ಮಾವ ಗೋಡೆಯುದ್ದಕ್ಕೂ ಒಂದು ಗೆರೆ ಎಳೆದರು. ಎಡತುದಿಗೆ 'ಎ' ಬರೆದು, ಕಂಪಾಸ್ ಪೆಟ್ಟಿಗೆಯ ಮೂಲೆಪಟ್ಟಿ ಇಟ್ಟು, 30 ಡಿಗ್ರಿ ಓರೆಗೆ ಇನ್ನೊಂದು ಗೆರೆ ಎಳೆದರು. ಪೇಪರಿನ ಒಂದು ಸೆಂಟಿಮೀಟರಿಗೆ ಇಲ್ಲಿ ಹತ್ತು. ಓರೆಗೆರೆಯ ಮೇಲೆ ಸರಿಯಾಗಿ 100 ಸೆಂಟಿಮೀಟರಿಗೆ 'ಸಿ'. ದಾರವನ್ನು 60 ಸೆಂಟಿಮೀಟರಿಗೆ ಕತ್ತರಿಸಿ, ಒಂದು ತುದಿಯನ್ನು ಸಿ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಇನ್ನೊಂದು ತುದಿ ಮೊಮ್ಮಗಳ ಕೈಗೆ.

ಅಜ್ಜ: ಈ ಗೋಡಿ ಕಡೆ ಗೆರಿ ನಮ್ಮೂರ ಹಾದಿ ಅಂತ ತಿಳಿ. ಎ ಅಂದ್ರ ಬಾವಿ, ಹಾದಿ ಅಲ್ಲಿಂದ ಶುರು. ಬಾವಿಯಿಂದ ಓರಿಗೆ ಹತ್ತು ಮಾರು ನಡದ್ರ ಒಂದು ಗೂಟ. ಗೂಟಕ್ಕ ಆಡು ಕಟ್ಟೀನಿ. ಹಗ್ಗ ಆರು ಮಾರು. ಹಾದಿ ಉದ್ದಕ್ಕೂ ಜಾಲಿಕಾಯಿ ಬಿದ್ದಾವ. ಆಡು ಎಲ್ಲೆ ಬಾಯಿ ಹಾಕತದ?

ಮೊಮ್ಮಗಳು: (ದಾರ ಬಿಗಿ ಹಿಡಿದು ತಿರುಗಿಸುತ್ತ) ಇಲ್ಲೆ ಮುಟ್ಟಿತು. ತಡಿ, ಮುಂದ ಹೋದ್ರ ಹಾದಿ ದಾಟಿ ಆಚೆ ಹೋಗತದ... ಮತ್ತ ತಿರುಗಿ ಬಂದು ಇಲ್ಲೂ ಮುಟ್ಟಿತು!

ಅಜ್ಜ: ಅಳಿ.

ಮೊಮ್ಮಗಳು: ಬಾವಿಯಿಂದ ಮೊದಲನೇದು 53 ಸೆಂಟಿಮೀಟರ್ ಮ್ಯಾಲ ಒಂದೀಟು. ಎರಡನೇದು 120ಕ್ಕ ಕೂದಲೆಳಿ ಕಡಿಮಿ.

ಅಜ್ಜ: ಆಡು ಒಂದ, ಗೂಟ ಒಂದ, ಹಗ್ಗ ಒಂದ. ಬಾವಿ ಹತ್ತಿರದ ಕೋನ ಬದಲಾಗೇದೇನು?

ಮೊಮ್ಮಗಳು: ಇಲ್ಲ, ಅದ 30. ಅಂದ್ರ ಪ್ರಶ್ನಿಯೊಳಗಿನ ಮೂರೂ ಅಳತಿ ಎರಡೂ ತ್ರಿಭುಜಕ್ಕ ಹೊಂದತಾವ. ಒಂದು ಗಿಡ್ಡ, ಒಂದು ಉದ್ದ.

ಅಜ್ಜ: ಈಗ ಹಗ್ಗ ನಾಕು ಮಾರು ಮಾಡು.

ಮೊಮ್ಮಗಳು: ಮುಟ್ಟೂದ ಇಲ್ಲ. ಗೂಟದಿಂದ ಹಾದಿಗೆ ನೆಟ್ಟಗ ಐದು ಮಾರು ಅದ. ಹತ್ತು ಸಲ ಸೈನ್ 30, ಐದು. ಓಹೋ! ಇಂಥಾ ಲೆಕ್ಕ ಫೋನಿಗೆ ಹಾಕಿದ್ರ ಸೈನ್ ಬಿ 1.25 ಬರತದ, ಎರರ್ ತೋರಸ್ತದ. ಸೈನು ಒಂದರ ಮ್ಯಾಲ ಹೋಗೂದಿಲ್ಲ.

ಅಜ್ಜ: ಎರರ್ ಅಂದ್ರ ಆಡು ಉಪವಾಸ. ಐದು ಮಾರು ಇದ್ರ?

ಮೊಮ್ಮಗಳು: ಒಂದ ಕಡೆ ಮುಟ್ಟತದ, ಕಾಟಕೋನದಾಗ, ಬರೋಬ್ಬರಿ ತೊಂಬತ್ತಕ್ಕ. ಐದಕ್ಕಿಂತ ಹೆಚ್ಚು, ಹತ್ತಕ್ಕಿಂತ ಕಡಿಮಿ ಇದ್ರ ಎರಡು ಕಡೆ. ಹತ್ತ ಇದ್ರ?

ಅಜ್ಜ: ನೀನ ನೋಡು.

ಮೊಮ್ಮಗಳು: ಒಂದು ತುದಿ ಬಾವಿಗೇ ಹೋಗಿ ಕೂತಿತು. ಅಲ್ಲೆ ತ್ರಿಭುಜ ಇಲ್ಲ. ಹತ್ತರ ಮ್ಯಾಲ ಹೋದ್ರ ಆ ತುದಿ ಬಾವಿ ಹಿಂದ ಬೀಳತದ. ಹಿಂದ ಅಂದ್ರ ಅಲ್ಲಿ ಕೋನ 30 ಅಲ್ಲ, 150. ಅದು ನಮ್ಮ ಪ್ರಶ್ನೀನ ಅಲ್ಲ. ಹಂಗಾಗಿ ಒಂದ ಉತ್ತರ ಉಳೀತದ.

ಇದೇ ನಾಲ್ಕು ಮಾತು ಅವಳ ಗೈಡಿನಲ್ಲಿ ಒಂದು ಚೌಕಟ್ಟಿನೊಳಗೆ ಇವೆ: 'ಎ' ಎದುರಿನ ಬಾಹು ಇಷ್ಟಕ್ಕಿಂತ ಚಿಕ್ಕದಾದರೆ ಇಲ್ಲ, ಇಷ್ಟಕ್ಕೆ ಸಮವಾದರೆ ಒಂದು, ನಡುವೆ ಇದ್ದರೆ ಎರಡು, ಅದನ್ನೂ ಮೀರಿದರೆ ಮತ್ತೆ ಒಂದು. ಅದರ ಸುತ್ತ ಅವಳೇ ಹಳದಿ ಪೆನ್ನಿನಿಂದ ಬಳಿದಿದ್ದಳು, ಕಂಠಪಾಠ ಮಾಡಿದ್ದಳು, ಪರೀಕ್ಷೆಯಲ್ಲಿ ಮರೆತಿದ್ದಳು.

ಮೊಮ್ಮಗಳು: ಆದ್ರ ಸೈನಿಗೆ ಯಾಕ ಗೊತ್ತಾಗೂದಿಲ್ಲ, ಅದನ್ನ ಹೇಳು. ಎರಡೂ ಕಡೆ ಕೋನ ಬ್ಯಾರೆ ಬ್ಯಾರೆ ಅವ ಅಲ್ಲ?

ಅಜ್ಜ: ನಮ್ಮ ಟೂಲ್ ರೂಮಿನಾಗ ಸೈನ್ ಬಾರ್ ಅಂತ ಇತ್ತು. ಉಕ್ಕಿನ ಪಟ್ಟಿ, ಎರಡು ತುದಿಗೆ ಎರಡು ರೋಲರು. ಒಂದು ರೋಲರಿನ ನಡುವಿನಿಂದ ಇನ್ನೊಂದರ ನಡುವಿಗೆ ಬರೋಬ್ಬರಿ 200 ಮಿಲಿಮೀಟರ್. ಒಂದು ರೋಲರು ಸರ್ಫೇಸ್ ಪ್ಲೇಟ್ ಮ್ಯಾಲ ಇರತದ. ಇನ್ನೊಂದರ ಕೆಳಗ ಸ್ಲಿಪ್ ಗೇಜ್, ಅಂದ್ರ ಅಳತಿ ಗೊತ್ತಿದ್ದ ಉಕ್ಕಿನ ತುಂಡು, ಪೇರಿಸಿ ಎತ್ತೂದು. 30 ಡಿಗ್ರಿ ಬೇಕಂದ್ರ ಎಷ್ಟು ಪೇರಿಸಬೇಕು?

ಮೊಮ್ಮಗಳು: 200ರ ಅರ್ಧ, 100 ಮಿಲಿಮೀಟರ್.

ಅಜ್ಜ: ಹೌದು. ಈಗ ಬಾರು ಎಡಕ್ಕ ಏರೇದೋ ಬಲಕ್ಕ ಏರೇದೋ, ಸ್ಲಿಪ್ ಗೇಜಿಗೆ ಏನರ ಗೊತ್ತದೇನು? ಅದು ಎತ್ತರ ಅಷ್ಟ ಹಿಡದು ನಿಂತದ. ಬಾರಿನ ಎತ್ತರಕ್ಕ ಬಾರಿನ ಉದ್ದದಿಂದ ಭಾಗಿಸಿದ್ರ ಸೈನು. ಈ ಕಡೆ 56.4 ಬಾಗಿದ್ರೂ ಆ ಕಡೆ ಅಷ್ಟ ಬಾಗಿದ್ರೂ ಎತ್ತರ ಒಂದ. ಆ ಕಡೆ ಬಾಗಿದ್ದನ್ನ ಈ ಕಡೆಯಿಂದ ಅಳದ್ರ 123.6.

ಮೊಮ್ಮಗಳು: ಅಂದ್ರ ಸೈನು ಎತ್ತರ ಹೇಳತದ, ದಿಕ್ಕು ಹೇಳೂದಿಲ್ಲ. ಕೊಸೈನು?

ಅಜ್ಜ: ಅದು ನೆಲದ ಮ್ಯಾಲಿನ ನೆರಳು. ನೆರಳು ಎಡಕ್ಕ ಬಿದ್ರ ಮೈನಸ್, ಬಲಕ್ಕ ಬಿದ್ರ ಪ್ಲಸ್. ಅದಕ್ಕ ದಿಕ್ಕು ಗೊತ್ತಿರತದ. ಇನ್ನೊಂದು ಹೇಳತೀನಿ. ನಮ್ಮ ಫೋರ್‌ಮನ್ನರು ಅಂತಿದ್ರು, 45 ದಾಟಿದ ಮ್ಯಾಲ ಸೈನ್ ಬಾರ್ ನಂಬಬ್ಯಾಡ್ರಿ ಅಂತ. ಯಾಕ ಹೇಳು?

ಮೊಮ್ಮಗಳು ಉತ್ತರ ಹೇಳಲಿಲ್ಲ, ಫೋನು ತೆಗೆದು ಒತ್ತತೊಡಗಿದಳು. ಬಾರನ್ನು 10 ಡಿಗ್ರಿಯಿಂದ 11ಕ್ಕೆ ಏರಿಸಲು 3.4 ಮಿಲಿಮೀಟರ್ ಸ್ಲಿಪ್ ಗೇಜ್ ಕೂಡಿಸಬೇಕು. 80ರಿಂದ 81ಕ್ಕೆ ಬರೀ 0.6. ಬಾರು ನಿಂತಷ್ಟೂ ಎತ್ತರ ಬದಲಾಗುವುದು ಕಡಿಮೆ, ಹಾಗಾಗಿ ಎತ್ತರ ನೋಡಿ ಕೋನ ಹೇಳುವುದು ಕಷ್ಟ. ಅಲ್ಲಿಗೆ ಬಿಡದೆ ಅವಳು ಪ್ರಶ್ನೆಪತ್ರಿಕೆಯ ಅಳತೆಗೇ ಬಂದಳು: ಬಿಸಿ ಸರಿಯಾಗಿ 5 ಸೆಂಟಿಮೀಟರ್ ಇದ್ದರೆ ಬಿ ಕೋನ 90, ಅದೇ 5.1 ಆದರೆ 78.6. ಬಳಪದ ಗೆರೆಯಷ್ಟು ದಪ್ಪದ ಒಂದು ಮಿಲಿಮೀಟರಿಗೆ ಕೋನ 11 ಡಿಗ್ರಿ ಜಿಗಿಯುತ್ತದೆ. ಈ ಮಾತು ಅವಳ ಗೈಡಿನಲ್ಲಿ ಇಲ್ಲ. ನನಗೆ ಇಡೀ ಮಧ್ಯಾಹ್ನದಲ್ಲಿ ಹೆಚ್ಚು ಹಿಡಿಸಿದ್ದು ಇದೇ.

ಇಲ್ಲಿ ನಾನು ಬಾಯಿ ಹಾಕಿದೆ. ನಮ್ಮ ಅವ್ವನ ಕಾಲಿನ ಹೊಲಿಗೆ ಮಷೀನು ನೆನಪಾಗಿತ್ತು. ಪೆಡಲ್ ಹಲಗೆ ಒಂದೇ ಓರೆಯಲ್ಲಿ ನಿಂತಿರುವಾಗ ಕೆಳಗಿನ ಗಾಲಿ ಎರಡು ಜಾಗದಲ್ಲಿ ಇರಬಹುದು: ಸರಳು ಮೇಲಕ್ಕೆ ಹೋಗುತ್ತಿರಬಹುದು, ಕೆಳಕ್ಕೆ ಬರುತ್ತಿರಬಹುದು. ಹಲಗೆ ನೋಡಿ ಹೇಳಲಾಗದು. ನೋಡದೆ ತುಳಿದರೆ ಗಾಲಿ ಹಿಂದಕ್ಕೆ ತಿರುಗಿ ದಾರ ಪಟ್ಟನೆ ಹರಿಯುತ್ತಿತ್ತು. ಅದಕ್ಕೇ ಅವ್ವ ತುಳಿಯುವ ಮೊದಲು ಬಲಗೈಯಿಂದ ಮೇಲಿನ ಗಾಲಿಯನ್ನು ಒಂದು ಸಲ ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು.

ಅಜ್ಜ: ಹಾಂ, ಆ ಕೈ ಎಳದಿದ್ದ ಬೇಕಾದದ್ದು. ಕಾಲಿಗೆ ಗೊತ್ತಿಲ್ಲದ ದಿಕ್ಕು ಕೈ ಹೇಳತದ.

ಮೊಮ್ಮಗಳು: ಹಂಗಾದ್ರ ನಂಗ ಸೊನ್ನಿ ಕೊಟ್ಟಿದ್ದು ಸರಿ. ದಿಕ್ಕು ಪ್ರಶ್ನಿಯೊಳಗ ಹೇಳಿದ್ರು. 'ವಿಶಾಲಕೋನ ತ್ರಿಭುಜ' ಅಂತ. ಅಂದ್ರ ಗಿಡ್ಡ ತ್ರಿಭುಜ, ಬಿ 123.6. ನಾ ಉದ್ದಂದು ಬರದೆ.

ಅಜ್ಜ: ಉದ್ದಂದು ವಿಶಾಲಕೋನದ್ದಲ್ಲ ಅಂತ ಯಾರು ಹೇಳಿದ್ರು?

ಮೊಮ್ಮಗಳು: ಕಣ್ಣಿಗೆ ಕಾಣಸ್ತದಲ್ಲ. ಎ 30, ಬಿ 56, ಸಿ ಕಾಟಕೋನ ಇದ್ದಂಗ ಅದ.

ಅಜ್ಜ: ಇದ್ದಂಗ?

ಮಾವ ಎದ್ದು ಒಳಗೆ ಹೋದರು. ಮಂಚದ ಕೆಳಗಿನ ತಗಡಿನ ಪೆಟ್ಟಿಗೆ ಎಳೆದ ಸದ್ದು. ಅದರಲ್ಲಿ ಅವರ ಹಳೆಯ ಉಪಕರಣಗಳು ಎಣ್ಣೆಬಟ್ಟೆ ಸುತ್ತಿಕೊಂಡು ಮಲಗಿವೆ. ದಸರೆಗೊಮ್ಮೆ ಹೊರಗೆ ಬಂದು ಅರಿಶಿನ ಕುಂಕುಮ ಹಚ್ಚಿಸಿಕೊಂಡು ಒಳಗೆ ಹೋಗುತ್ತವೆ. ಅವರು ತಂದದ್ದು ಊರಿನ ಬಡಿಗರು ಮೂಲೆಮಟ್ಟ ಎನ್ನುವ, ಇಲ್ಲಿಯ ಮರಾಠಿ ಕಾರಿಗರರು ಗುಣ್ಯಾ ಎನ್ನುವ, ಕಾಟಕೋನ ನೋಡುವ ಉಕ್ಕಿನ ಅಳತೆ. ಅದರ ಒಂದು ಅಂಚನ್ನು ಸಿ ಮೂಲೆಯಲ್ಲಿ ಓರೆಗೆರೆಗೆ ಕೂಡಿಸಿ ಇಟ್ಟರು. ಇನ್ನೊಂದು ಅಂಚು ದಾರಕ್ಕೆ ಅಂಟಿ ಕೂರಬೇಕಿತ್ತು. ಕೂರಲಿಲ್ಲ. ಮೂಲೆಯಲ್ಲಿ ಕೂಡಿಕೊಂಡಿದ್ದ ಉಕ್ಕು ಮತ್ತು ದಾರ ಮುಂದೆ ಹೋದಂತೆ ಅಗಲುತ್ತ, 15 ಸೆಂಟಿಮೀಟರಿನ ತುದಿಯಲ್ಲಿ ಒಂದು ಕಿರುಬೆರಳು ತೂರುವಷ್ಟು ಸಂದು ಬಿಟ್ಟವು.

ಮೊಮ್ಮಗಳು: ತಡಿ ತಡಿ. 180ರಾಗ 30 ಹೋಯ್ತು, 56.4 ಹೋಯ್ತು. ಉಳೀತು 93.6. ಅಜ್ಜಾ, ಇದೂ ವಿಶಾಲಕೋನ!

ಅಜ್ಜ: ಸೈನ್ ಬಿಟ್ಟು ಬ್ಯಾರೆ ಹಾದಿಯಿಂದ ತಾಳೆ ನೋಡು. ಆರರ ವರ್ಗ, ಹತ್ತರ ವರ್ಗ.

ಮೊಮ್ಮಗಳು: 36, 100. ಕೂಡಿದ್ರ 136. ಕಾಟಕೋನ ಇದ್ರ ಎದುರಿನ ಬಾಹುವಿನ ವರ್ಗ ಇಷ್ಟ ಇರಬೇಕಿತ್ತು. ನಾವು ಅಳದದ್ದು ಹತ್ರ ಹತ್ರ 12, ಅದರ ವರ್ಗ 144. ಹೆಚ್ಚದ. ಅಂದ್ರ ಕೋನ ತೊಂಬತ್ತು ದಾಟೇದ. ಗಿಡ್ಡದರಾಗ ಬಿ ವಿಶಾಲಕೋನ, ಉದ್ದದರಾಗ ಸಿ ವಿಶಾಲಕೋನ. ಅವರು ಹಾಕಿದ ಮಾತು ಎರಡಕ್ಕೂ ಹೊಂದತದ! ನನ್ನ ಉತ್ತರ ತಪ್ಪಲ್ಲ.

ಅಜ್ಜ: ಬಿಸಿ ಆರರ ಬದಲಿ ಐದೂವರಿ ಹಾಕಿದ್ರ ಏನಾಗತಿತ್ತು?

ಮೊಮ್ಮಗಳು: (ಒತ್ತಿ ನೋಡಿ) ಬಿ 65.4, ಸಿ 84.6. ಉದ್ದ ತ್ರಿಭುಜದಾಗ ಮೂರೂ ಕೋನ ತೊಂಬತ್ತರ ಒಳಗ. ಆವಾಗ ಅವರ ಮಾತು ಸಾಕಾಗತಿತ್ತು. ಅರ್ಧ ಸೆಂಟಿಮೀಟರಿಗೆ ನನ್ನ ಮೂರು ಮಾರ್ಕ್ಸ್ ಹೋದುವು.

ಅಜ್ಜ: 'ಬಿ ವಿಶಾಲಕೋನ' ಅಂತ ಒಂದು ಅಕ್ಷರ ಹೆಚ್ಚಿಗಿ ಬರದಿದ್ರ ಈ ರಗಳೀನ ಇರಲಿಲ್ಲ. ಇಲ್ಲಾ, ಎಬಿ ಎಸಿಕ್ಕಿಂತ ಗಿಡ್ಡ ಅಂತ ಬರದಿದ್ರೂ ನಡೀತಿತ್ತು. ಇಂಥವರನ್ನ ಭಾಸ್ಕರಾಚಾರ್ಯ ಏನಂತಾನ ಗೊತ್ತೇನು?

ಮೊಮ್ಮಗಳು: ನಿಮ್ಮ ವಿಜಯಪುರದ ಭಾಸ್ಕರಾಚಾರ್ಯ?

ಅಜ್ಜ: ನಿಮ್ಮದೂ ಹೌದು.

ಈ ಜಗಳ ನಮ್ಮ ಮನೆಯಲ್ಲಿ ಹಳೆಯದು. ಭಾಸ್ಕರ ಹುಟ್ಟಿದ್ದು 1114ರಲ್ಲಿ, 'ಲೀಲಾವತಿ' ಸೇರಿದ 'ಸಿದ್ಧಾಂತ ಶಿರೋಮಣಿ' ಬರೆದದ್ದು 1150ರಲ್ಲಿ. ಇದರಲ್ಲಿ ತಕರಾರಿಲ್ಲ. ಅವನು ಹೇಳಿಕೊಂಡ ವಿಜ್ಜಡವಿಡ ಎಂಬ ಊರು ಯಾವುದು ಎಂಬಲ್ಲಿ ತಕರಾರು. ನಮ್ಮವರು ವಿಜಯಪುರ ಎನ್ನುತ್ತಾರೆ. ಇಲ್ಲಿಯವರು ಚಾಳೀಸಗಾಂವ ಹತ್ತಿರದ ಪಾಟಣ ಸೀಮೆಯನ್ನು ತೋರಿಸುತ್ತಾರೆ, ಅವನ ಮೊಮ್ಮಗನ ಶಾಸನ ಅಲ್ಲಿದೆ. ತನ್ನ ಊರು ಸಹ್ಯಾದ್ರಿಯ ಮಗ್ಗುಲಲ್ಲಿದೆ ಎಂದು ಭಾಸ್ಕರನೇ ಬರೆದಿದ್ದಾನೆ. ವಿಜಯಪುರದ ಗೋಳಗುಮ್ಮಟ ಹತ್ತಿ ನಿಂತರೂ ಸಹ್ಯಾದ್ರಿ ಕಾಣುವುದಿಲ್ಲ ಎಂದು ನಾನು ಒಮ್ಮೆ ಹೇಳಿ ಮಾವನ ಕೋಪಕ್ಕೆ ತುತ್ತಾಗಿದ್ದೆ.

ಅಜ್ಜ: ಕಸಬರಿಗಿಯಿಂದ ನಾಕು ಕಡ್ಡಿ ಮುರಕೊಂಡು ಬಾ. ನಾಕೂ ತುದಿ ದಾರದಿಂದ ಕಟ್ಟು. ಈಗ ಇದನ್ನ ಒತ್ತು.

ಮೊಮ್ಮಗಳು: ಬಾಗತದ. ಒತ್ತಿದಷ್ಟೂ ಚಪ್ಪಟಿ ಆಗತದ.

ಅಜ್ಜ: ಕಡ್ಡಿ ಉದ್ದ ಬದಲಾಗಿಲ್ಲ, ಒಳಗಿನ ಜಾಗ ಬದಲಾಗ್ತು. ನಾಕು ಬಾಹು ಅಷ್ಟ ಹೇಳಿ, ಕರ್ಣ ಹೇಳದ, ಲಂಬ ಹೇಳದ, ಕ್ಷೇತ್ರಫಲ ಎಷ್ಟು ಅಂತ ಕೇಳಾಂವ ಪಿಶಾಚಿ ಅಂತ 'ಲೀಲಾವತಿ'ಯೊಳಗ ಬರದಾನ.

ಮೊಮ್ಮಗಳು: ಖರೇನ? ಪಿಶಾಚಿ ಅಂತನ? ನಾ ಇದನ್ನ ಕ್ಲಾಸಿನಾಗ ಹೇಳಲೇನು?

ಅಜ್ಜ: ಪೂರ್ತಿ ಕೇಳು. ಕೇಳಾಂವ ಪಿಶಾಚಿ, ಅದಕ್ಕ ಉತ್ತರ ಹೇಳಾಂವ ಅವನಕಿಂತ ದೊಡ್ಡ ಪಿಶಾಚಿ ಅಂತಾನ. ನೀ ಎಷ್ಟು ಉತ್ತರ ಬರದಿ?

ಮೊಮ್ಮಗಳು: ...ಒಂದು.

ಅಜ್ಜ: ಹಾಂ.

ಸ್ವಲ್ಪ ಹೊತ್ತು ಮಳೆಯದೇ ಸದ್ದು. ನನಗೆ ನಗು ತಡೆಯಲಾಗಲಿಲ್ಲ. ನಾಲ್ಕು ಕಡ್ಡಿಯ ಚೌಕ ಬಾಗುತ್ತ ಹೋಗಿ ಲೆಕ್ಕವಿಲ್ಲದಷ್ಟು ಆಕಾರ ತಾಳುತ್ತದೆ. ದಾರದ ತ್ರಿಭುಜಕ್ಕೆ ಅಷ್ಟು ಸಡಿಲಿಲ್ಲ, ಅದು ಎರಡೇ ಕಡೆ ನಿಲ್ಲುತ್ತದೆ. ಚೌಕ ಬಾಗುವುದು ಕೈಗೇ ತಿಳಿಯುತ್ತದೆ. ಮೊದಲನೇ ಉತ್ತರ ಸಿಕ್ಕ ಮೇಲೆ ದಾರವನ್ನು ಇನ್ನಷ್ಟು ತಿರುಗಿಸಿ ನೋಡುವವರು ಎಷ್ಟು ಜನ?

ಮೊಮ್ಮಗಳು: ಹಂಗಾದ್ರ ಸರ್ವೆ ಮಾಡಾವ್ರು ಏನ್ ಮಾಡತಿದ್ರು? ಲ್ಯಾಂಬ್ಟನ್ 1802ರಾಗ ಮದರಾಸಿನಿಂದ ಶುರು ಮಾಡಿ ದೇಶ ಅಳದ ಅಂತ ಓದೀನಿ. ಎಲ್ಲಾ ತ್ರಿಭುಜದಿಂದ.

ಅಜ್ಜ: ಅವರು ಒಂದ ಬಾಹು ಸರಪಳಿಯಿಂದ ಅಳದು, ಉಳದದ್ದೆಲ್ಲ ಕೋನ ಅಳೀತಿದ್ರು. ಎರಡು ಕೋನ ಗೊತ್ತಾದ್ರ ಮೂರನೇದು ತಾನ ಬರತದ. ಅಲ್ಲೆ ಆಡು ಎರಡು ಕಡೆ ಹೋಗೂದಿಲ್ಲ.

ಮೊಮ್ಮಗಳು: ಸೈನ್ ಅನ್ನೂ ಹೆಸರೂ ಹಿಂಗ ಹಾದಿ ತಪ್ಪಿ ಬಂದದ್ದಂತ. ನಮ್ಮವರು ಜ್ಯಾ ಅಂತಿದ್ರು, ಜೀವಾ ಅಂತಿದ್ರು. ಬಿಲ್ಲಿನ ಹೆದಿ. ಅರಬರು ಅದನ್ನ 'ಜೀಬ' ಅಂತ ಬರಕೊಂಡ್ರು. ಅವರ ಬರವಣಿಗಿಯೊಳಗ ಸ್ವರ ಬರಿಯೂದಿಲ್ಲಲ್ಲ, ಹಿಂದಿನಿಂದ ಬಂದವರು 'ಜೈಬ್' ಅಂತ ಓದಿದ್ರು. ಜೈಬ್ ಅಂದ್ರ ಅಂಗಿಯ ಮಡಿಕಿ. 12ನೇ ಶತಮಾನದಾಗ ಲ್ಯಾಟಿನ್ನಿಗೆ ತಿರುಗಿಸಾವ್ರು ಮಡಿಕಿ ಅನ್ನೂ ಅರ್ಥದ 'ಸೈನಸ್' ಹಾಕಿದ್ರು.

ಅಜ್ಜ: ಜೈಬ್ ಅಂದ್ರ ನಮ್ಮ ಜೇಬು?

ಮೊಮ್ಮಗಳು: ಅದ. ನಿನ್ನ ಅಂಗಿ ಕಿಸೆ.

ಮಾವ ತಮ್ಮ ಕಿಸೆ ಮುಟ್ಟಿ ನೋಡಿಕೊಂಡರು. ಅದರಲ್ಲಿ ರೇಷನ್ ಚೀಟಿ, ಎರಡು ಗುಳಿಗೆ ಇದ್ದವು. ನಾನು ಬೆಳ್ಳುಳ್ಳಿ ಬಿಟ್ಟು ಎದ್ದು, ಟೆಸ್ಟ್ ಪೇಪರಿನ ಹಿಂಬದಿಯಲ್ಲಿ ಅವಳು ಬರೆದಿದ್ದ ಚಿತ್ರ ತೆಗೆದುಕೊಂಡೆ. ಗೂಟದಿಂದ ಹಾದಿಗೆ ನೆಟ್ಟಗೆ ಇಳಿದ ಐದರ ಗೆರೆಯ ಮೇಲೆ ಕಾಗದ ಮಡಿಸಿದೆ. ಆಡು ನಿಂತ ಎರಡು ಜಾಗ ಒಂದರ ಮೇಲೊಂದು ಬಂದು ಕೂತವು. ಹೆಸರು ತಪ್ಪು ಓದಿನಿಂದ ಬಂದದ್ದೇ ಸರಿ. ಆದರೂ ಈ ಲೆಕ್ಕಕ್ಕೆ ಮಡಿಕೆಯೇ ಹೆದೆಗಿಂತ ಚೆನ್ನಾಗಿ ಒಪ್ಪುತ್ತದೆ ಅನ್ನಿಸಿತು.

ಮೊಮ್ಮಗಳು: ನಾಳೆ ಸರ್‌ಗೆ ಹೋಗಿ ಏನಂತ ಹೇಳಲಿ? ಮಾರ್ಕ್ಸ್ ಕೇಳಲೋ ಬ್ಯಾಡೋ?

ಅಜ್ಜ: ಎರಡೂ ತ್ರಿಭುಜ ಬರಕೊಂಡು ಹೋಗು. ಸಿ ಹತ್ರ 93.6 ದಪ್ಪಾಗಿ ಬರಿ. ಮಾತು ಆಡಬ್ಯಾಡ, ಕಾಗದ ತೋರಸು.

ಮೊಮ್ಮಗಳು: ಗುಣ್ಯಾನೂ ಒಯ್ಯಲೇನು?

ಅಜ್ಜ: ಅದನ್ನ ಮುಟ್ಟಿದ್ರ ನೋಡು.

ಅಷ್ಟರಲ್ಲಿ ಫೋನು ಬಂತು. ನಮ್ಮವರು. ಮಳೆಯ ಗದ್ದಲದಲ್ಲಿ ಅವರ ಮಾತು ಅರ್ಧಂಬರ್ಧ ಕೇಳುತ್ತಿತ್ತು. ಕ್ಯಾಡ್ಬರಿಯಿಂದ ಉಪವನಕ್ಕೆ ಹೋಗುವ ಪೋಖರಣ ರೋಡ್ ನಂಬರ್ ಒಂದರ ಮೇಲೆ ಇದ್ದಾರಂತೆ, ರಿಕ್ಷಾ ನಿಂತುಬಿಟ್ಟಿದೆಯಂತೆ, ಫೋನಿನ ಮ್ಯಾಪು ಮನೆಗೆ ಅರ್ಧ ಕಿಲೋಮೀಟರು ತೋರಿಸುತ್ತಿದೆಯಂತೆ, ಯಾರಾದರೂ ಕೊಡೆ ತಂದರೆ ಒಳ್ಳೆಯದಂತೆ. ಮಗಳು ಎರಡು ಕೊಡೆ ತೆಗೆದುಕೊಂಡು ಚಪ್ಪಲಿ ಮೆಟ್ಟಿದಳು. ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು. ತಿರುಗಿ ನೆಲದ ಮೇಲಿನ ಸೀಮೆಸುಣ್ಣದ ಗೆರೆ ನೋಡಿದಳು. ಆಮೇಲೆ ಫೋನು ಬಾಯಿಗೆ ಹಿಡಿದು ಕೂಗಿದಳು:

"ಪಪ್ಪಾ, ಕ್ಯಾಡ್ಬರಿ ಕಡೆಗೋ, ಉಪವನ ಕಡೆಗೋ?"